ಚಿಗರಿಯ ಸಂಗಡ ಕುಮಟೆಗೆ

ಗದಗ-ಬೆಟಗೇರಿ ಕಡೆಯವರು ಸಮುದ್ರ ನೋಡಬೇಕೆಂದರೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಗಾಡಿ ತಿರುಗಿಸುತ್ತಾರೆ. ನಾಯಿ ಸಾಕಿದವರಾದರೆ ಅದನ್ನು ಹಿತ್ತಲಲ್ಲಿ ಕಟ್ಟಿ, ಎರಡು ಹೊತ್ತು ರೊಟ್ಟಿ ಹಾಕ್ರಿ ಎಂದು ಬಾಜೂ ಮನೆಯವರಿಗೆ ಹೇಳಿ ಹೋಗುತ್ತಾರೆ. ನಮ್ಮ ಮನೆಯಲ್ಲಿ ಆ ಪದ್ಧತಿ ನಿಂತು ಬಹಳ ಕಾಲವಾಯಿತು. ಚಿಗರಿ ಎಂಬ ಮುಧೋಳ ಹೆಣ್ಣುನಾಯಿ ಈಗ ಹಿಂದಿನ ಸೀಟಿನ ಖಾಯಂ ಗಿರಾಕಿ. ಅದನ್ನು ಕರೆದುಕೊಂಡು ಕುಮಟೆಗೆ ಹೋಗಿ ಬರುವ ರೂಢಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೆಳೆಯರು ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವುದಕ್ಕಿಂತ ಬರೆದಿಡುವುದೇ ಮೇಲು.

1. ಬೀದಿಯಲ್ಲೇ ಇತಿಹಾಸವಿರುವ ಊರನ್ನು ಆರಿಸಿ

ನಾಯಿ ಜೊತೆಗಿದ್ದರೆ ಗುಡಿಯ ಒಳಗೆ ಹೋಗುವಂತಿಲ್ಲ, ಖಾನಾವಳಿಯ ಒಳಗೆ ಕೂಡುವಂತಿಲ್ಲ, ವಸ್ತುಸಂಗ್ರಹಾಲಯದ ಮಾತೇ ಬೇಡ. ನಿಮಗೆ ಸಿಗುವುದು ಓಣಿ, ಪೇಟೆ, ಬಂದರದ ದಾರಿ, ದಂಡೆ ಇಷ್ಟೇ. ಆದ್ದರಿಂದ ಊರಿನ ಹೆಸರಿಗಿಂತ ಮೊದಲು, ಆ ಊರಿನಲ್ಲಿ ಹೊರಗೆ ನಿಂತು ನೋಡುವಂಥದ್ದು ಏನಿದೆ ಎಂದು ಕೇಳಿಕೊಳ್ಳಬೇಕು. ಗೋಕರ್ಣದ ಜೀವ ಮಹಾಬಲೇಶ್ವರನ ಗುಡಿಯಲ್ಲಿದೆ. ಇಕ್ಕಟ್ಟಾದ ರಥಬೀದಿ, ಯಾತ್ರಿಕರ ಗದ್ದಲ, ಬೀದಿಯ ತುಂಬ ದನ. ಹೊಸ ನಾಯಿಗೆ ಅಲ್ಲಿ ತಲೆ ಕೆಡುತ್ತದೆ, ಮಡಿಯಲ್ಲಿ ಬರುವವರಿಗೂ ಅದು ಕಿರಿಕಿರಿ.

ಕುಮಟೆಯ ಕತೆ ಬೇರೆ. ಅದರ ಚರಿತ್ರೆ ಇರುವುದು ರಸ್ತೆಯಲ್ಲಿ ಮತ್ತು ಬಂದರದಲ್ಲಿ. ಹತ್ತಿ ದಲಾಲಿಯ ಮನೆಯವನಾದ್ದರಿಂದ ನನಗೆ ಆ ಊರಿನ ಮೇಲೆ ಸ್ವಲ್ಪ ಪಕ್ಷಪಾತವಿದೆ, ಇರಲಿ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಹೊಲದ ಹತ್ತಿ, ಅಂದರೆ ಗದಗ, ಹುಬ್ಬಳ್ಳಿ ಸುತ್ತಿನ ಹತ್ತಿ, ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಮುಂಬಯಿ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರೇ 'ಕುಮಟಾ' ಹತ್ತಿ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಬೆಳೆದವರು ನಾವು, ಹೆಸರು ಹಡಗು ಹತ್ತಿಸಿದವರದು. ನಮ್ಮ ಕಡೆ ಇವತ್ತಿಗೂ ಅಲ್ಲಲ್ಲಿ ಉಳಿದಿರುವ ಜವಾರಿ ಹತ್ತಿ ಜಯಧರ ಅದೇ ಜಾತಿಯದು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಕುಮಟೆಯ ಬಂದರದಲ್ಲಿ ದೊಡ್ಡ ಹಡಗು ನಿಲ್ಲುವಷ್ಟು ಆಳವಿಲ್ಲ. ಕಾರವಾರದಲ್ಲಿ ಆಳವಿತ್ತು, ಆದರೆ ಆ ಸೀಮೆ ಮದ್ರಾಸ್ ಪ್ರಾಂತ್ಯದ್ದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರಲ್ಲ, ಅದರ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಡವೂ ಇತ್ತು. ಆಮೇಲೆ 1880ರ ದಶಕದಲ್ಲಿ ಗದಗು, ಹುಬ್ಬಳ್ಳಿಗೆ ರೈಲು ಬಂತು, ಮಾರ್ಮಗೋವಾ ಬಂದರದವರೆಗೆ ಹಳಿ ಬಿತ್ತು. ಬಂಡಿಗಳ ಸಾಲು ಕರಗಿತು, ಕುಮಟೆಯ ಹತ್ತಿ ವ್ಯಾಪಾರವೂ ಸೊರಗಿತು. ಇಷ್ಟು ತಿಳಿದುಕೊಂಡು ಹೊರಟರೆ ದಾರಿಯೇ ನೋಡುವ ಜಾಗವಾಗುತ್ತದೆ. ನಾಯಿ ಇದ್ದವರಿಗೆ ಬೇಕಾದದ್ದು ಅಂಥ ಪ್ರವಾಸ.

2. ದೀಪಾವಳಿ ಮುಗಿದ ಮೇಲೆ, ಶಿವರಾತ್ರಿಗೆ ಮೊದಲು

ನಮ್ಮ ಕಡೆಯ ನಾಯಿಗೆ ಬಿಸಿಲು ಹೊಸದಲ್ಲ. ಏಪ್ರಿಲ್‌ನಲ್ಲಿ ಗದಗಿನ ಬಿಸಿಲು 40 ಡಿಗ್ರಿಯ ಹತ್ತಿರ ಹೋದರೂ ಬೇವಿನ ನೆರಳಲ್ಲಿ ಬಿದ್ದುಕೊಂಡು ಸಂಭಾಳಿಸುತ್ತದೆ. ಅದೇ ನಾಯಿ ಕರಾವಳಿಯ 33 ಡಿಗ್ರಿಯಲ್ಲಿ ಸೋಲುತ್ತದೆ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಸೌಲಭ್ಯವಿಲ್ಲ. ನಾಲಿಗೆ ಚಾಚಿ ತೇಕಿ, ಬಾಯಿಯ ತೇವ ಆರುವಾಗ ಮೈ ತಂಪು ಮಾಡಿಕೊಳ್ಳುತ್ತದೆ. ಒಣ ಗಾಳಿಯಲ್ಲಿ ತೇವ ಬೇಗ ಆರುತ್ತದೆ. ಕರಾವಳಿಯ ಗಾಳಿಯಲ್ಲಿ ನೀರು ಮೊದಲೇ ತುಂಬಿರುವುದರಿಂದ ಎಷ್ಟು ತೇಕಿದರೂ ಆರುವುದಿಲ್ಲ. ಥರ್ಮಾಮೀಟರಿನ ಅಂಕಿ ನೋಡಿ 'ಅಲ್ಲೇನು ಅಷ್ಟು ಬಿಸಿಲಿಲ್ಲ ಬಿಡ್ರಿ' ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹೋಗಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಘಟ್ಟದಲ್ಲಿ ರಸ್ತೆ ಬಂದ್ ಆಗಿ ತಾಸುಗಟ್ಟಲೆ ಗಾಡಿಯಲ್ಲಿ ಕೂರುವ ಪ್ರಸಂಗ ಬಂದರೆ ಮನುಷ್ಯ ಹೇಗೋ ಕೂತಾನು, ನಾಯಿಯನ್ನು ಇಳಿಸುವುದೆಲ್ಲಿ?

3. ಮೊದಲು ಹಮ್ಮಿಗಿ, ಆಮೇಲೆ ಸಮುದ್ರ

ಗಾಡಿ ಎಂದರೆ ಸೂಜಿ ಚುಚ್ಚುವ ದವಾಖಾನೆಗೆ ಹೋಗುವುದು ಎಂದೇ ಬಹಳ ನಾಯಿಗಳು ತಿಳಿದಿರುತ್ತವೆ. ಆ ಭಾವನೆ ಅಳಿಸಬೇಕು. ಶಿರಹಟ್ಟಿಯವರೆಗೆ ಹೋಗಿ, ಇಳಿಸಿ ಅಡ್ಡಾಡಿಸಿ, ತಿರುಗಿ ಬನ್ನಿ. ಆಮೇಲೆ ಮುಂಡರಗಿ ದಾಟಿ ಹಮ್ಮಿಗಿಯ ಬ್ಯಾರೇಜಿನವರೆಗೆ ಹೋಗಿ, ದೊಡ್ಡ ನೀರು ಎಂದರೇನು ಎಂದು ನಾಯಿ ದೂರದಿಂದ ನೋಡಲಿ. ತುಂಗಭದ್ರೆಯಲ್ಲಿ ಮೊಸಳೆ ಇವೆ, ನೀರಿಗಿಳಿಸಬೇಡಿ. ಕಪ್ಪತಗುಡ್ಡ ಹತ್ತಿರವಿದೆ ಎಂದು ಅಲ್ಲಿಗೆ ಒಯ್ಯುವ ಆಸೆ ಬೇಡ, 2019ರಿಂದ ಅದು ವನ್ಯಜೀವಿಧಾಮ.

ಮಾಗಡಿ ಕೆರೆಯ ಏರಿಯ ಮೇಲೂ ಹಾಗೆಯೇ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿದಿರುತ್ತವೆ. ಒಂದು ನಾಯಿ ಬೊಗಳಿದರೆ ಇಡೀ ಹಿಂಡು ಎದ್ದು ಹಾರುತ್ತದೆ. 2024ರ ಜನವರಿಯಲ್ಲಿ ಮಾಗಡಿ ಕೆರೆಗೂ ಕುಮಟೆಯ ಅಘನಾಶಿನಿ ಅಳಿವೆಗೂ ಒಟ್ಟಿಗೇ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಹೊರಡುವ ಸೀಮೆಯಲ್ಲೊಂದು, ಮುಟ್ಟುವ ಸೀಮೆಯಲ್ಲೊಂದು, ಎರಡೂ ಕಡೆ ನಾಯಿಯ ಹಗ್ಗ ಕೈಯಲ್ಲೇ ಇರಬೇಕಾದ ಜಾಗ.

4. ಕೊರಳಪಟ್ಟಿ ಅಗಲವಿರಲಿ

ಇದು ಮುಧೋಳ ನಾಯಿ ಸಾಕಿದವರಿಗೆ. ಅದರ ತಲೆ ಸಣ್ಣ, ಕೊರಳು ಉದ್ದ ಮತ್ತು ತಲೆಯಷ್ಟೇ ದಪ್ಪ. ಪೇಟೆಯ ಸಾಮಾನ್ಯ ಪಟ್ಟಿಯನ್ನು ಹಿಂದಕ್ಕೆ ಜಗ್ಗಿ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಎಳೆದಾಗ ತಾನೇ ಬಿಗಿಯಾಗುವ ಅಗಲ ಪಟ್ಟಿ, ಇಲ್ಲವೇ ಎದೆಗೆ ಹಾಕುವ ಹಾರ್ನೆಸ್ ಬೇಕು. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ ಇದು. ದೂರದಲ್ಲಿ ಏನಾದರೂ ಓಡಿದರೆ ಸಾಕು, ಹಿಂದೆಯೇ ಹೊರಟುಬಿಡುತ್ತದೆ, ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ನಮ್ಮ ಹೊಲದಲ್ಲಾದರೆ ಓಡಿ ದಣಿದು ಬರುತ್ತದೆ. ಹೆದ್ದಾರಿಯ ಬದಿಯಲ್ಲಿ ಆ ಅವಕಾಶವಿಲ್ಲ.

ಗಾಡಿಯೊಳಗೆ ಹಾರ್ನೆಸ್ಸನ್ನು ಸೀಟ್ ಬೆಲ್ಟಿನ ಕೊಂಡಿಗೆ ಸಿಕ್ಕಿಸಿ. ಕೊರಳಪಟ್ಟಿಗೆ ಸಿಕ್ಕಿಸಿದರೆ ಜೋರಾಗಿ ಬ್ರೇಕ್ ಹಾಕಿದಾಗ ಕತ್ತು ಉಳುಕುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಿಕಪ್ಪಿನ ಹಿಂದೆ ಕಟ್ಟಿ ಒಯ್ಯುವವರ ಬಗ್ಗೆ ಏನೂ ಹೇಳುವುದಿಲ್ಲ.

5. ಬುತ್ತಿ ಕಟ್ಟುವಾಗ ನಾಯಿಗೂ ಕಟ್ಟಿ

ಪ್ಯಾಕೆಟ್ ಆಹಾರಕ್ಕೆ ಒಗ್ಗಿದ ನಾಯಿಯಾದರೆ ಸಮಸ್ಯೆಯೇ ಇಲ್ಲ. ನಮ್ಮದು ರೊಟ್ಟಿ ತಿಂದು ಬೆಳೆದದ್ದು. ಇಲ್ಲಿ ಉತ್ತರ ಕರ್ನಾಟಕದವರಿಗೆ ಒಂದು ಅನುಕೂಲವಿದೆ: ಕಡಕ್ ಜೋಳದ ರೊಟ್ಟಿ. ವಾರ ಇಟ್ಟರೂ ಕೆಡುವುದಿಲ್ಲ. ಮುರಿದು, ಬಿಸಿನೀರಲ್ಲೋ ಮಜ್ಜಿಗೆಯಲ್ಲೋ ನೆನೆಸಿ, ಕುದಿಸಿದ ತತ್ತಿ ಒಂದನ್ನು ಕಿವುಚಿ ಹಾಕಿದರೆ ಊಟ ಆಯಿತು. ತತ್ತಿ ಎಲ್ಲ ಊರಲ್ಲೂ ಸಿಗುತ್ತದೆ. ಊರು ಬದಲಾದಾಗ ಆಹಾರವನ್ನೂ ಬದಲಾಯಿಸಿದರೆ ಹೊಟ್ಟೆ ಕೆಡುವುದು ಖಾತ್ರಿ. ಅದಕ್ಕೆ ನೀರನ್ನೂ ಒಂದು ಕ್ಯಾನ್ ಮನೆಯಿಂದಲೇ ಒಯ್ಯುತ್ತೇವೆ. ಹಾಗೆಂದು ಬೋರಿನ ನೀರು ತುಂಬಬೇಡಿ. ಮುಂಡರಗಿ ಕಡೆಯ ನೆಲದ ನೀರಿನ ಫ್ಲೋರೈಡ್ ಬಗ್ಗೆ ನಾನು ಹೇಳಬೇಕಾಗಿಲ್ಲ.

ಗಿರಮಿಟ್ಟು, ಮಿರ್ಚಿ, ಸವಣೂರಿನ ಖಾರ ಇವೆಲ್ಲ ನಿಮಗೆ. ಇವುಗಳಲ್ಲಿನ ಮೆಣಸಿನಕಾಯಿಗಿಂತ ಉಳ್ಳಾಗಡ್ಡಿ ನಾಯಿಗೆ ಹೆಚ್ಚು ಅಪಾಯ. ಹಸಿ ಇರಲಿ, ಬೇಯಿಸಿದ್ದಿರಲಿ, ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಮಣೂಕ, ಚಾಕಲೇಟು ಕೂಡ ವಿಷ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಪ್ರೀತಿಯಿಂದ ತಿನ್ನಿಸುವ ವಸ್ತುಗಳು ಬಹುತೇಕ ಇವೇ ಆಗಿರುತ್ತವೆ.

ಹೊರಡುವ ದಿನ ನಸುಕಿನಲ್ಲಿ ತುಂಬ ತಿನ್ನಿಸಬೇಡಿ. ಹಿಂದಿನ ರಾತ್ರಿ ಊಟ, ಬೆಳಿಗ್ಗೆ ಬರೀ ನೀರು. ಘಟ್ಟದ ತಿರುವಿನಲ್ಲಿ ವಾಂತಿ ಮಾಡುವ ನಾಯಿಗೆ ಮಾತ್ರೆ ಇದೆ, ಆದರೆ ಮನುಷ್ಯರ ಮಾತ್ರೆ ಒಡೆದು ಅರ್ಧ ಕೊಡುವ ಜಾಣತನ ಬೇಡ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಕೇಳಿ ತೆಗೆದುಕೊಳ್ಳಿ.

6. ಬಂಡಿಯ ದಾರಿಯಲ್ಲಿ ಹೋಗಿ

ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಎಂಬ ದಾರಿ ದೊಡ್ಡದು, ವೇಗದ್ದು, ಲಾರಿಗಳದ್ದು. ನಾಯಿ ಇಲ್ಲದಾಗ ಅದೇ ಸರಿ. ನಾಯಿ ಇದ್ದಾಗ ನಾವು ಲಕ್ಷ್ಮೇಶ್ವರದ ಮೇಲೆ ಸವಣೂರು, ಬಂಕಾಪುರ, ಮುಂಡಗೋಡ, ಶಿರಸಿ, ದೇವಿಮನೆ ಘಟ್ಟ ಹಿಡಿದು ಇಳಿಯುತ್ತೇವೆ. ಹತ್ತಿಯ ಬಂಡಿಗಳು ಅರಬೈಲು, ದೇವಿಮನೆ ಎರಡರಲ್ಲೂ ಇಳಿಯುತ್ತಿದ್ದವು. ದೇವಿಮನೆ ಸೀದಾ ಕುಮಟೆಗೆ ಒಯ್ಯುತ್ತದೆ. ಒಟ್ಟು ಇನ್ನೂರು ಚಿಲ್ಲರೆ ಕಿಲೋಮೀಟರ್. ಶಿರಸಿ-ಕುಮಟಾ ರಸ್ತೆಯಲ್ಲಿ ಅಗಲೀಕರಣದ ಕೆಲಸಕ್ಕಾಗಿ ಆಗಾಗ ಸಂಚಾರ ನಿಲ್ಲಿಸುತ್ತಾರೆ, ಹೊರಡುವ ಮುನ್ನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸುವುದು ಒಳ್ಳೆಯದು.

ನಸುಕಿನ ಐದಕ್ಕೆ ಗದಗು ಬಿಟ್ಟರೆ ಲಕ್ಷ್ಮೇಶ್ವರ ದಾಟುವಾಗ ಬೆಳಕು ಹರಿಯುತ್ತದೆ. ಸೋಮೇಶ್ವರನ ಗುಡಿ ನೋಡಲು ಇಳಿಯಬೇಡಿ, ಅದು ಮನೆಯ ಹತ್ತಿರದ್ದು, ಇನ್ನೊಂದು ದಿನ ಬರಬಹುದು. ಎರಡು ತಾಸಿಗೊಮ್ಮೆ ನಿಲ್ಲಿಸಬೇಕು. ನಿಲ್ಲಿಸುವ ಜಾಗವನ್ನು ಚಹಾದ ಅಂಗಡಿ ನೋಡಿ ಆರಿಸಬಾರದು. ಚಹಾದ ಅಂಗಡಿ ಇದ್ದಲ್ಲಿ ಬೀದಿನಾಯಿಗಳ ಠಾಣೆ ಇರುತ್ತದೆ, ಹೊರಗಿನ ನಾಯಿ ಇಳಿದರೆ ಕಾಳಗ. ಊರಿನಿಂದ ಸ್ವಲ್ಪ ದೂರ, ರಸ್ತೆಯಿಂದ ಇಳಿದ ಬಯಲು ನೋಡಿ. ಬಂಕಾಪುರದ ಕೋಟೆಯ ಹತ್ತಿರ ಮಾತ್ರ ಬೇಡ, ಅಲ್ಲಿ ನವಿಲುಧಾಮವಿದೆ. ಓಡುವ ನವಿಲು ಕಂಡ ಮುಧೋಳ ನಾಯಿಯನ್ನು ಹಿಡಿದು ನಿಲ್ಲಿಸುವುದು ನಿಮ್ಮ ಭುಜಕ್ಕೆ ಒಳ್ಳೆಯದಲ್ಲ.

ಮುಂಡಗೋಡ ದಾಟಿದ ಮೇಲೆ ನೆಲದ ಬಣ್ಣ ಕೆಂಪಾಗುತ್ತದೆ, ಗಾಳಿಯ ವಾಸನೆ ಬದಲಾಗುತ್ತದೆ. ನಮಗಿಂತ ಮೊದಲೇ ಅದು ಚಿಗರಿಗೆ ಗೊತ್ತಾಗಿ ಎದ್ದು ನಿಂತಿರುತ್ತದೆ. ಕಿಡಕಿಯ ಗಾಜು ಮೂಗು ಹಾಯುವಷ್ಟು ಇಳಿಸಿ, ತಲೆ ಹಾಯುವಷ್ಟಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಲ್ಲಿಂದ ಅರವತ್ತು ಕಿಲೋಮೀಟರಿನಲ್ಲಿ ಸಮುದ್ರದ ಮಟ್ಟಕ್ಕೆ ಇಳಿಯುತ್ತೀರಿ. ಎತ್ತುಗಳು ಹತ್ತಿ ಹೊತ್ತು ಇಳಿದ, ಉಪ್ಪು, ತೆಂಗು ಹೊತ್ತು ಹತ್ತಿದ ದಾರಿ. ಗಾಡಿಯನ್ನು ಎರಡನೇ ಗೇರಿಗೆ ಹಾಕಿಕೊಂಡು ಎತ್ತಿನ ವೇಗದಲ್ಲೇ ಇಳಿಯಿರಿ, ನಾಯಿಯ ಹೊಟ್ಟೆಗೂ ಅದೇ ಹಿತ.

ಘಟ್ಟದಲ್ಲಿ ನೆರಳು ಕಂಡು ನಾಯಿಯನ್ನು ಕಾಡಿನೊಳಗೆ ಬಿಡಬೇಡಿ. ಒಣಗಿದ ಎಲೆಗಳ ಹಾಸಿನಲ್ಲಿ ಉಣ್ಣಿ ಇರುತ್ತವೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಗೆ ಬಂದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ಅದು ಶಿರಸಿಯಿಂದ ದೂರವೇನಲ್ಲ. ನಾಯಿಯಿಂದ ಆ ಕಾಯಿಲೆ ಮನುಷ್ಯರಿಗೆ ಹರಡುವುದಿಲ್ಲ, ಆದರೆ ಉಣ್ಣಿಯನ್ನು ಮೈಮೇಲೆ ಹೊತ್ತುಕೊಂಡು ಬಂದು ನಿಮ್ಮ ಪಕ್ಕದಲ್ಲಿ ಕೂರುವುದು ನಾಯಿಯೇ. ಆ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇ ವರೆಗೆ, ಅಂದರೆ ಸರಿಯಾಗಿ ನಮ್ಮ ಪ್ರವಾಸದ ದಿನಗಳಲ್ಲಿ.

ಇನ್ನೊಂದು ಮಾತು. ಮುಧೋಳ ನಾಯಿಯನ್ನು ಇಟ್ಟುಕೊಂಡು ರಾತ್ರಿ ಹೊತ್ತು ಕಾಡಿನ ದಾರಿಯಲ್ಲಿ ಹೋಗಬೇಡಿ. ಈ ಜಾತಿ ಮೊಲದ ಬೇಟೆಗೆ ಹೆಸರಾದದ್ದು, ಬೇಟೆ 1972ರ ಕಾಯಿದೆಯಿಂದ ಅಪರಾಧ. ತನಿಖಾ ಠಾಣೆಯಲ್ಲಿ ಟಾರ್ಚ್ ಬಿಟ್ಟು ನೋಡುವವರಿಗೆ ಸಂಶಯ ಬಂದರೆ ಅದು ಅವರ ಕರ್ತವ್ಯವೇ. ಹಗಲಲ್ಲಿ ಹೋಗಿ, ಲಸಿಕೆಯ ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿರಲಿ.

7. 'ನಾಯಿ ನಡೀತದೇನ್ರಿ?' ಎಂದಷ್ಟೇ ಕೇಳಬೇಡಿ

ಇಳಿದುಕೊಳ್ಳುವ ಮನೆಗೆ ಫೋನ್ ಮಾಡಿದಾಗ ಅವರು 'ಅಡ್ಡಿಲ್ಲ, ಬನ್ನಿ' ಎನ್ನುತ್ತಾರೆ. ಮುಟ್ಟಿದ ಮೇಲೆ ಅಂಗಳದ ತೆಂಗಿನ ಮರ ತೋರಿಸಿ, ಇಲ್ಲಿ ಕಟ್ಟಿ ಎನ್ನುತ್ತಾರೆ. ಅವರ ಪ್ರಕಾರ ಅವರು ಮಾತು ತಪ್ಪಿಲ್ಲ. ಆದ್ದರಿಂದ ರಾತ್ರಿ ನಾಯಿ ಕೋಣೆಯ ಒಳಗೆ ಮಲಗಬಹುದೇ ಎಂದು ಬಿಡಿಸಿ ಕೇಳಿ. ಇದು ಮುದ್ದಿನ ಮಾತಲ್ಲ. ಘಟ್ಟದ ಬುಡದ ಊರುಗಳಲ್ಲಿ ಚಿರತೆ ರಾತ್ರಿ ಮನೆಯಂಗಳಕ್ಕೇ ಬಂದು ನಾಯಿ ಒಯ್ಯುವುದು ಅಲ್ಲಿಯವರಿಗೆ ಹೊಸ ಸುದ್ದಿಯಲ್ಲ. ಬಿಚ್ಚಿದ ನಾಯಿ ಓಡಿಯಾದರೂ ತಪ್ಪಿಸಿಕೊಳ್ಳಬಹುದು, ಕಟ್ಟಿದ್ದಕ್ಕೆ ಆ ದಾರಿಯೂ ಇಲ್ಲ. ಒಳಗೆ ಬಿಡುವುದಿಲ್ಲ ಎಂದರೆ ಬೇರೆ ಮನೆ ನೋಡಿ, ಅವರ ಮೇಲೆ ಮುನಿಯುವುದು ಬೇಡ.

ಒಂದು ಹಳೆಯ ಕೌದಿ ಒಯ್ಯಿರಿ. ಮನೆಯ ವಾಸನೆ ಇರುವ ಕೌದಿ ಹಾಸಿದರೆ ನಾಯಿ ಹೊಸ ಕೋಣೆಯಲ್ಲಿ ರಾತ್ರಿಯೆಲ್ಲ ಗೋಳಿಡುವುದಿಲ್ಲ, ಅವರ ಹಾಸಿಗೆಗೆ ರೋಮವೂ ಅಂಟುವುದಿಲ್ಲ. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬಿಲ್ಲ, ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ, ಸೊಂಟದ ಎಲುಬು ಒತ್ತಿ ಹುಣ್ಣಾಗುತ್ತದೆ. ಬಿಟ್ಟು ಹೊರಡುವಾಗ ಕೋಣೆ ನೀವೇ ಗುಡಿಸಿ. ಮುಂದೆ ನಾಯಿ ತರುವವರಿಗೆ ಬಾಗಿಲು ತೆರೆದಿರುವುದು ಅದರ ಮೇಲೆ ನಿಂತಿದೆ.

8. ಇಬ್ಬರಾದರೂ ಹೋಗಬೇಕು

ಮಿರ್ಜಾನಿನ ಕೋಟೆ ಕುಮಟೆಯಿಂದ ಹನ್ನೊಂದು ಕಿಲೋಮೀಟರ್. ಹದಿನಾರನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದದ್ದು ಅವಳನ್ನೇ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ, ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿಗಳನ್ನು ಒಯ್ಯುವುದನ್ನು 1959ರ ನಿಯಮಗಳು ನಿಷೇಧಿಸಿವೆ. ಕಾವಲುಗಾರನೊಂದಿಗೆ ಇದಕ್ಕಾಗಿ ವಾದ ಮಾಡುವುದು ಅವನ ನೌಕರಿಯೊಂದಿಗೆ ಆಟವಾಡಿದ ಹಾಗೆ.

ನಾವು ಪಾಳಿ ಹಾಕಿಕೊಳ್ಳುತ್ತೇವೆ. ನಮ್ಮ ಮನೆಯಾಕಿ ಒಳಗೆ ಹೋದಾಗ ನಾನು ಹೊರಗೆ ಮರದ ಕೆಳಗೆ ಚಿಗರಿಯೊಂದಿಗೆ, ಆಮೇಲೆ ಅದಲು ಬದಲು. ನಾಯಿಯನ್ನು ಗಾಡಿಯಲ್ಲಿ ಕೂಡಿಹಾಕಿ ಇಬ್ಬರೂ ಒಟ್ಟಿಗೆ ಹೋಗಿಬರುವ ವಿಚಾರ ತಲೆಯೊಳಗೆ ಸುಳಿಯಲೂ ಬಾರದು. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗಿನ ಶಾಖ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ, ಅರ್ಧ ತಾಸಿನಲ್ಲಿ ಇಪ್ಪತ್ತರ ಹತ್ತಿರ ಏರುತ್ತದೆ. ಗಾಜು ನಾಲ್ಕು ಬೆರಳು ಇಳಿಸಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಹೊರಗೆ ಕೂತದ್ದು ನಷ್ಟವೆಂದು ನನಗೆ ಅನಿಸಿಲ್ಲ. ಕೋಟೆಯ ಎತ್ತರ, ಕೆಂಪುಕಲ್ಲಿನ ಗೋಡೆಯ ಮೇಲಿನ ಹಾವಸೆ, ಅದನ್ನು ಸುತ್ತಿದ ಕಂದಕ ಇವೆಲ್ಲ ಹೊರಗಿನಿಂದಲೇ ಚೆನ್ನಾಗಿ ಕಾಣುವುದು. ಶತ್ರುವಿಗೆ ಕಾಣಲೆಂದೇ ಅವನ್ನು ಕಟ್ಟಿದ್ದಲ್ಲವೇ? ಕುಮಟೆಯ ಪೇಟೆಯನ್ನೂ ನಸುಕಿನಲ್ಲಿ ನೋಡಿ. ಆರು ಗಂಟೆಗೆ ಅಂಗಡಿಗಳ ಬಾಗಿಲು ಮುಚ್ಚಿರುವಾಗ ಹಂಚಿನ ಹಳೆಯ ಮನೆಗಳ ಸಾಲು ಪೂರಾ ಕಾಣುತ್ತದೆ. ಬಂದರದ ಕಡೆ ಇಳಿದು, ಇಷ್ಟು ಸಣ್ಣ ಅಳಿವೆಯಿಂದ ಇಡೀ ಒಂದು ಸೀಮೆಯ ಹತ್ತಿ ಹೇಗೆ ಹೊರಬಿತ್ತು ಎಂದು ನಿಂತು ನೋಡುವುದಕ್ಕೆ ನಾಯಿಯ ಅಡ್ಡಿಯೇನೂ ಇಲ್ಲ.

9. ದಂಡೆ ಖಾಲಿಯಿದೆ ಎಂದುಕೊಳ್ಳಬೇಡಿ

ಬಯಲುಸೀಮೆಯ ನಮ್ಮ ಕಣ್ಣಿಗೆ ಮರಳು ಕಂಡರೆ ಅದು ಯಾರದೂ ಅಲ್ಲದ ಜಾಗ ಎನಿಸುತ್ತದೆ. ಬಾಡ, ವನ್ನಳ್ಳಿ, ಧಾರೇಶ್ವರದ ದಂಡೆಗಳಲ್ಲಿ ಬೆಳಿಗ್ಗೆ ನಿಂತು ನೋಡಿ. ಅದು ಮೀನುಗಾರರ ಕಣ. ನಾವು ಕಣದಲ್ಲಿ ಜೋಳ ಹರವಿದಂತೆ ಅವರು ಮೀನು ಹರವಿರುತ್ತಾರೆ, ಬಲೆ ಹಾಸಿರುತ್ತಾರೆ, ದೋಣಿ ನಿಲ್ಲಿಸಿರುತ್ತಾರೆ. ನಾಯಿ ಅಲ್ಲಿ ಕಾಲೆತ್ತಿದರೆ ಒಬ್ಬರ ಒಂದು ದಿನದ ದುಡಿಮೆ ಹಾಳು. ನಮ್ಮ ಕಣದ ರಾಶಿಯ ಮೇಲೆ ಬೇರೆ ಊರಿನವರ ನಾಯಿ ಹತ್ತಿದರೆ ನಾವು ಸುಮ್ಮನಿರುತ್ತೇವೆಯೇ? ಹರವಿದ ಮೀನಿನ ಸಮೀಪಕ್ಕೂ ಹೋಗದೆ, ದಂಡೆಯ ತುದಿಗೆ ನಡೆದು ಹೋಗಿ. ಮೊದಲು ಅಲ್ಲಿದ್ದ ಹಿರಿಯರನ್ನು ಮಾತಾಡಿಸಿ, ಎತ್ತ ಕಡೆ ಅಡ್ಡಾಡಿಸಲಿ ಎಂದು ಕೇಳಿ. ಬಹಳ ಸಲ ಅವರೇ ಒಳ್ಳೆಯ ಜಾಗ ತೋರಿಸುತ್ತಾರೆ, ಎಲ್ಲಿ ಸೆಳೆತ ಜಾಸ್ತಿ ಎಂಬುದನ್ನೂ ಹೇಳುತ್ತಾರೆ.

ಹತ್ತು ಮೀಟರಿನ ಹಗುರ ಹಗ್ಗ ಕಟ್ಟಿ ಬಿಡಿ. ಚಿಗರಿಗೆ ಅದು ಸಾಲದು, ಆದರೆ ಪೂರ್ತಿ ಬಿಚ್ಚಿದರೆ ಅದು ಮಿಂಚಿನ ವೇಗದಲ್ಲಿ ಮುಂದಿನ ಊರು ಮುಟ್ಟಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಈ ಕರಾವಳಿಯಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಅರಣ್ಯ ಇಲಾಖೆಯವರು ಹೊನ್ನಾವರದ ಕಾಸರಕೋಡಿನಂಥ ಕಡೆ ಬೇಲಿ ಕಟ್ಟಿ ಗೂಡು ಕಾಯುತ್ತಾರೆ. ಮರಳು ಅಗೆಯುವ ನಾಯಿಗೆ ಆ ಗೂಡು ಸುಲಭದ ತುತ್ತು. ಅಲ್ಲಿ ರಾತ್ರಿ ದಂಡೆಗೆ ಒಯ್ಯುವುದೇ ಬೇಡ.

ಸಮುದ್ರದ ನೀರು ಕುಡಿಯುವುದನ್ನು ತಡೆಯಬೇಕು. ಕೆರೆ ಹಳ್ಳ ಕಂಡ ನಾಯಿಗೆ ನೀರೆಂದರೆ ಕುಡಿಯುವುದೇ, ಮೊದಲ ದಿನ ಬಾಯಿ ಹಾಕಿಯೇ ಹಾಕುತ್ತದೆ. ಸ್ವಲ್ಪ ಹೋದರೆ ಭೇದಿ, ಹೆಚ್ಚು ಹೋದರೆ ವಾಂತಿ, ನಿತ್ರಾಣ, ಸೆಳವು. ದಂಡೆಗೆ ಇಳಿಯುವ ಮೊದಲೇ ಹೊಟ್ಟೆತುಂಬ ಸಿಹಿನೀರು ಕುಡಿಸಿ, ಕಾಲು ತಾಸಿಗೊಮ್ಮೆ ಮತ್ತೆ ಕುಡಿಸಿ. ಬಲೆಯಿಂದ ಎಸೆದ ಮೀನುಗಳ ರಾಶಿಯಲ್ಲಿ ಮೈ ಉಬ್ಬಿಸಿಕೊಳ್ಳುವ ಜಾತಿಯ ಮೀನು ಇರುತ್ತದೆ. ಅದರ ವಿಷಕ್ಕೆ ಮದ್ದಿಲ್ಲ. ಜೆಲ್ಲಿಮೀನು ದಂಡೆಗೆ ಬಿದ್ದು ಒಣಗುತ್ತಿದ್ದರೂ ಮೂಗಿಗೆ ಚುಚ್ಚುತ್ತದೆ. ಗಾಳದ ಕೊಕ್ಕೆಗೆ ಮೀನಿನ ತುಣುಕು ಸಿಕ್ಕಿಕೊಂಡೇ ಇರುತ್ತದೆ. ಒಟ್ಟಿನಲ್ಲಿ, ದಂಡೆಯಲ್ಲಿ ಬಿದ್ದದ್ದಕ್ಕೆ ಬಾಯಿ ಹಾಕಲು ಬಿಡಬೇಡಿ.

ಹತ್ತು ಗಂಟೆಯ ನಂತರ ಮರಳಿನ ಮೇಲೆ ಅಂಗೈ ಹಿಂಬದಿ ಇಟ್ಟು ನೋಡಿ. ಐದಾರು ಎಣಿಸುವಷ್ಟು ಹೊತ್ತು ತಾಳಲಾಗದಿದ್ದರೆ ಪಾದಕ್ಕೂ ತಾಳದು. ನೀರಾಟ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಬೆರಳ ಸಂದಿ, ಹೊಟ್ಟೆಯ ಅಡಿ, ಕಿವಿ ಒರೆಸಿ. ಉಪ್ಪು ಒಣಗಿದರೆ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುತ್ತದೆ.

10. 'ಅನ್ನ ಹಾಕುದಿಲ್ವಾ ಇದ್ಕೆ?'

ಕರಾವಳಿಯಲ್ಲಿ ಮುಧೋಳ ನಾಯಿಯೊಂದಿಗೆ ನಡೆದರೆ ಈ ಪ್ರಶ್ನೆ ಪ್ರತಿ ಓಣಿಯಲ್ಲೂ ಬರುತ್ತದೆ. ಎಣಿಸಬಹುದಾದ ಪಕ್ಕೆಲುಬು, ಒಳಗೆ ಸೇರಿದ ಹೊಟ್ಟೆ ಕಂಡು ಅಲ್ಲಿಯ ಅಮ್ಮಂದಿರಿಗೆ ಕರುಳು ಚುರ್ ಎನ್ನುತ್ತದೆ. ನಮ್ಮನ್ನು ಕಟುಕರೆಂಬಂತೆ ನೋಡಿ, ಒಳಗೆ ಹೋಗಿ ಬಂಗುಡೆಯ ಮುಳ್ಳು, ಅನ್ನ ತಂದು ಸುರಿಯುತ್ತಾರೆ. ಮುಳ್ಳು ಗಂಟಲಿಗೆ ಸಿಗುತ್ತದೆ, ಬೇಡವೆನ್ನಿ. ಆದರೆ ಬರೀ ಬೇಡವೆಂದರೆ ಸಾಲದು, ಕಾರಣ ಹೇಳಬೇಕು. ಇದು ಬಾಗಲಕೋಟೆ ಕಡೆಯ ಓಟದ ಜಾತಿ, ಮೈ ಇರುವುದೇ ಹೀಗೆ, 2005ರಲ್ಲಿ ಇದರ ಚಿತ್ರದ ಅಂಚೆಚೀಟಿ ಬಂದಿದೆ, 2016ರಲ್ಲಿ ಸೇನೆಯವರು ಮೀರತ್ತಿಗೆ ತರಬೇತಿಗೆ ಒಯ್ದಿದ್ದಾರೆ ಎಂದರೆ ಮುಖದ ಭಾವ ಬದಲಾಗುತ್ತದೆ. ಅಂಚೆಚೀಟಿಗೆ ಇರುವಷ್ಟು ಬೆಲೆ ನನ್ನ ಮಾತಿಗಿಲ್ಲ. ಆಮೇಲೆ ಮಾತು ಊರಿನ ಕಡೆ, ಹತ್ತಿಯ ಕಡೆ ಹೊರಳುತ್ತದೆ, ಅಜ್ಜನ ಕಾಲದ ಬಂಡಿಗಳ ಕತೆ ಕೇಳಿದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಬರೀ ಕೈಯಲ್ಲಿ ಹೋದ ಪ್ರವಾಸಿಗನನ್ನು ಯಾರೂ ಇಷ್ಟು ಮಾತಾಡಿಸುವುದಿಲ್ಲ.

11. ಔಷಧದ ಡಬ್ಬಿ

ಹುಚ್ಚುನಾಯಿ ರೋಗದ ಲಸಿಕೆ ಆ ವರ್ಷದ್ದಿರಬೇಕು. ಇಲಿಜ್ವರದ ಲಸಿಕೆಯೂ ಬೇಕು, ನೀರು ನಿಂತ ಕರಾವಳಿಯಲ್ಲಿ ಅದರ ಭಯ ಹೆಚ್ಚು. ಉಣ್ಣಿಯ ಔಷಧವನ್ನು ಹೊರಡುವ ದಿನ ಹಚ್ಚಿದರೆ ಸಮುದ್ರದಲ್ಲಿ ತೊಳೆದುಹೋಗುತ್ತದೆ, ಎರಡು ಮೂರು ದಿನ ಮೊದಲೇ ಆಗಲಿ. ಚಿಮಟಿಗೆ, ಬ್ಯಾಂಡೇಜು, ಉಪ್ಪು ಸಕ್ಕರೆಯ ಓಆರ್‌ಎಸ್ ಪುಡಿ, ಥರ್ಮಾಮೀಟರು ಇದ್ದರೆ ಸಾಕು. ನಾಯಿಯ ಮೈಶಾಖ 38ರಿಂದ 39 ಡಿಗ್ರಿ ಸಹಜ. 41 ದಾಟಿತೆಂದರೆ ಶಾಖಾಘಾತ: ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಹಾಕುತ್ತ ದವಾಖಾನೆಗೆ ಓಡಬೇಕು. ಮೊದಲು ತಂಪು, ಆಮೇಲೆ ಪಯಣ.

ಪರಊರಿನ ವೈದ್ಯರಿಗೆ ಇದು ಹೌಂಡ್ ಜಾತಿ ಎಂದು ಬಾಯಿಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ, ಪ್ರಮಾಣ ಅಳೆದು ಕೊಡಬೇಕಾಗುತ್ತದೆ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962 ನೆನಪಿರಲಿ.

12. ತಿರುಗಿ ಬಂದ ಮೇಲೆ

ಘಟ್ಟ ಹತ್ತಿ ಬರುವಾಗ ನಾಯಿ ನಿದ್ದೆಯಲ್ಲಿರುತ್ತದೆ, ಎಬ್ಬಿಸಬೇಡಿ. ಮನೆ ಮುಟ್ಟಿದ ಸಂಜೆಯೇ ಬೆಳಕಿನಲ್ಲಿ ಕೂರಿಸಿ ಮೈ ಹುಡುಕಿ: ಕಿವಿಯ ಮಡಿಕೆ, ಬೆರಳ ಸಂದಿ, ಬಾಲದ ಬುಡ, ಕೊರಳಪಟ್ಟಿಯ ಅಡಿ. ಉಣ್ಣಿ ಸಿಕ್ಕರೆ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಒರೆಯಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಕೌದಿಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಸೀಟಿನ ಸಂದಿಯ ಮರಳು ತಿಂಗಳಾದರೂ ಪೂರ್ತಿ ಹೋಗುವುದಿಲ್ಲ, ಅದರ ಚಿಂತೆ ಬಿಡಿ.

ಮೂರು ವಾರ ಕಣ್ಣಿಡಬೇಕು. ಉಣ್ಣಿಯಿಂದ ಬರುವ ಜ್ವರ ನಾಯಿಗೆ ಕೂಡಲೇ ಕಾಣಿಸುವುದಿಲ್ಲ, ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಪ್ರವಾಸದ ನೆನಪು ಮಾಸಿ, ಎರಡಕ್ಕೂ ಸಂಬಂಧವಿದೆ ಎಂದು ಹೊಳೆಯುವುದೇ ಇಲ್ಲ. ರೊಟ್ಟಿ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ದವಾಖಾನೆಗೆ ಒಯ್ಯಿರಿ. ವೈದ್ಯರು ಕೇಳುವ ಮೊದಲೇ, ಇಂಥ ತಾರೀಖಿಗೆ ದೇವಿಮನೆ ಘಟ್ಟ ಇಳಿದು ಬಂದಿದ್ದೇವ್ರಿ ಎಂದು ಹೇಳಿ, ರಕ್ತಪರೀಕ್ಷೆ ಮಾಡಿಸಿ.